ಕರೆಂಟು ಹೋದಾಗ ಶೂಟಿಂಗ್

ಚನ್ನಗಿರಿಯ ನಮ್ಮ ಓಣಿಯಲ್ಲಿ ಕರೆಂಟು ಹೋದರೆ ಖುಷಿಪಡುವವಳು ಒಬ್ಬಳೇ, ಹಿಟ್ಟಿನ ಗಿರಣಿಯ ಅಂಬಿಕಾ. ಗಿರಣಿ ತಿರುಗುತ್ತಿರುವಷ್ಟು ಹೊತ್ತು ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಅದು ನಿಂತ ಕೂಡಲೇ ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಬೀದಿಗೆ ಬರುತ್ತಾಳೆ. ಯೂಟ್ಯೂಬಿನಲ್ಲಿ ಬರುವ ‘ಗಿರಣಿ ಓಣಿ’ ಎಂಬ ವೆಬ್ ಸರಣಿಯ ಕತೆ, ಕ್ಯಾಮೆರಾ, ನಿರ್ದೇಶನ ಎಲ್ಲ ಅವಳದೇ.

ಅಂಬಿಕಾ ಓದಿದ್ದು ಎಂಟನೇ ಕ್ಲಾಸು. ಹನ್ನೆರಡು ವರ್ಷ ಗಿರಣಿ ನಡೆಸಿ ಬಾಯಿಗಿಂತ ಕೈಯೇ ಮಾತಾಡುವುದು ರೂಢಿ. ಅಂಗೈ ಅಗಲಿಸಿದರೆ ತರಿ, ಎರಡು ಬೆರಳು ತಿಕ್ಕಿದರೆ ನುಣ್ಣಗೆ, ಮುಷ್ಟಿ ಮುಚ್ಚಿದರೆ ಹದ ಬಂತು, ಡಬ್ಬಿ ಎತ್ತಿ ಎಂದರ್ಥ. ನಟನೆ ಹೇಳಿಕೊಡುವುದೂ ಹೀಗೆಯೇ. ನನಗೆ ಕೊನೆಯ ಕಂತಿನವರೆಗೆ ಒಂದೇ ಒಂದು ಸಲವೂ ಮುಷ್ಟಿ ಸಿಕ್ಕಿರಲಿಲ್ಲ.

ಹಿಂದೆ ಎರಡು ಸರಣಿಗಳನ್ನು ಶುರುಮಾಡಿದ್ದಳು. ಎರಡೂ ಅರ್ಧಕ್ಕೇ ನಿಂತವು. ಗಂಡ ರಘುನಾಥ, ನಿನ್ನ ಕತೆಗೆ ತಲೆ ಇರುತ್ತದೆ, ಬಾಲ ಇರುವುದಿಲ್ಲ ಎಂದು ಉಂಡಾಗೊಮ್ಮೆ ಹೇಳುತ್ತಿದ್ದ. ಇದನ್ನಾದರೂ ಮುಗಿಸಲೇಬೇಕೆಂದು ಅವಳು ಹಟ ಹಿಡಿದಿದ್ದಳು.

ಕತೆ ಇಷ್ಟೇ: ನಾಮಕರಣದ ಗದ್ದಲದಲ್ಲಿ ಪಕ್ಕದ ಮನೆಯ ಕರಿಬಸಮ್ಮನ ಕುಕ್ಕರ್ ಕಳುವಾಗುತ್ತದೆ. ಕರಿಬಸಮ್ಮನಾಗಿ ಅವರೇ ನಟಿಸುತ್ತಾರೆ, ಕಳ್ಳಿ ನಾನು. ಬ್ಲೌಸ್ ಹೊಲಿಯುತ್ತ ಬಂದವರ ಕತೆಗಳಿಗೆಲ್ಲ ಹೂಂಗುಟ್ಟುವ ನನಗೆ ಯಾಕೆ ಈ ಪಾತ್ರ ಎಂದು ಕೇಳಿದ್ದೆ.

“ನಿಮ್ ಮುಖ ನೋಡಿ ಯಾರೂ ಡೌಟ್ ಪಡಲ್ಲ ಅನ್ನಪೂರ್ಣಕ್ಕ,” ಎಂದಳು. ಹೊಗಳಿಕೆ ಎಂದುಕೊಂಡು ಒಪ್ಪಿದೆ.

ಕೊನೆಯ ಕಂತಿನಲ್ಲಿ ನಾನು ಕರ್ಪೂರ ಮುಟ್ಟಿ, ಕುಕ್ಕರ್ ತೆಗೆದುಕೊಂಡಿಲ್ಲ ಎಂದು ಸುಳ್ಳು ಆಣೆ ಮಾಡಬೇಕು. ಆಮೇಲೆ ಅದು ನಮ್ಮ ಅಟ್ಟದಲ್ಲಿ ಸಿಗಬೇಕು. ಕರಿಬಸಮ್ಮ ಶೂಟಿಂಗಿನ ಮರುದಿನವೇ ಮಗಳ ಬಾಣಂತನಕ್ಕೆ ಜಗಳೂರಿಗೆ ಹೊರಟಿದ್ದರು, ಬರುವುದು ಐದು ತಿಂಗಳಿಗೆ. ಕರೆಂಟು ನಾಲ್ಕಕ್ಕೆ ಬರುವುದಿತ್ತು. ಇದ್ದದ್ದು ಅದೊಂದೇ ಮಧ್ಯಾಹ್ನ.

ಖಾಲಿ ತಟ್ಟೆ ಸಾಕು, ಬೆಂಕಿಯನ್ನು ಆಮೇಲೆ ಮೊಬೈಲಿನಲ್ಲಿ ಸೇರಿಸುತ್ತೇನೆ ಎಂದು ಅಂಬಿಕಾ ಹೇಳಿದ್ದಳು. ದೇವಿಯ ಫೋಟೋದ ಮುಂದೆ ಖಾಲಿ ತಟ್ಟೆಯೇ ಎಂದು ನನಗೆ ಕಸಿವಿಸಿಯಾಯಿತು. ಯಾರೂ ಕೇಳದಿದ್ದರೂ ಮನೆಯಿಂದ ಕರ್ಪೂರ ತಂದೆ. ಫೋಟೋಗೆ ಕುಂಕುಮವಿಟ್ಟೆ, ಎರಡು ದಾಸವಾಳ ಏರಿಸಿದೆ. ಭಕ್ತಿ ಸಾಲದೆಂಬಂತೆ ಗಂಟೆಯನ್ನೂ ಬಾರಿಸಿದೆ. ನನ್ನನ್ನು ಯಾರೂ ಸಿಕ್ಕಿಸಲಿಲ್ಲ, ನಾನೇ ಅಚ್ಚುಕಟ್ಟಾಗಿ ಸಿಕ್ಕಿಕೊಂಡೆ.

ಕರ್ಪೂರ ಹಚ್ಚಿದೆ. ಶುರುಮಾಡಿ ಎಂದು ಅಂಬಿಕಾ ಬೆರಳೆತ್ತಿದಳು. ಕರಿಬಸಮ್ಮ ಸೊಂಟಕ್ಕೆ ಕೈಯಿಟ್ಟು, ಆಣೆ ಮಾಡು ಎಂದರು. ನಾನು ಉರಿಯ ಮೇಲೆ ಕೈ ಚಾಚಿದೆ. ಬಿಸಿ ತಾಗಿತು. ವಾರವೆಲ್ಲ ಉರು ಹೊಡೆದಿದ್ದ ಸುಳ್ಳನ್ನು ದೇವಿಯ ಮುಂದೆ ಹೇಳಲಾಗಲಿಲ್ಲ.

“ನಾನೇ ತಗೊಂಡಿದ್ದು,” ಎಂದುಬಿಟ್ಟೆ.

ಅಂಬಿಕಾಳ ಮುಖ ಮೊಬೈಲಿನ ಹಿಂದೆ ಬಿಳುಚಿಕೊಂಡದ್ದು ಕಾಣಿಸಿತು. ಮೂರನೆಯ ಸರಣಿಯ ಬಾಲವನ್ನು ಕತ್ತರಿಸಿದ್ದು ನಾನು. ಕದಿಯದ ಕುಕ್ಕರಿಗಾಗಿ ಕಣ್ಣಲ್ಲಿ ನಿಜವಾದ ನೀರು ಬಂತು.

ಇದಕ್ಕೆ ಏನು ಹೇಳಬೇಕೆಂದು ಕರಿಬಸಮ್ಮನಿಗೂ ಹೇಳಿಕೊಟ್ಟಿರಲಿಲ್ಲ. ಆದರೂ ನಟನೆ ಬಿಡದೆ, ಸೊಂಟದ ಮೇಲಿನ ಕೈ ಇಳಿಸಿ ತಾವೇ ಮಾತು ಕಟ್ಟಿದರು.

“ಗೊತ್ತೈತೆ ಬಿಡವ್ವ. ನಿಮ್ಮನ್ಯಾಗೆ ಮೊದಲ್ನೇ ಸೀಟಿ ಹೊಡೆದ ದಿನಾನೇ ಗೊತ್ತಾತು. ನನ್ ಕುಕ್ಕರ್ ಸೀಟಿ ನಂಗೆ ಗೊತ್ತಾಗಲ್ವಾ? ನೀನಾಗೇ ಹೇಳ್ಲಿ ಅಂತ ಕಾಯ್ತಿದ್ದೆ.”

ಅಷ್ಟರಲ್ಲಿ ಕರೆಂಟು ಬಂದು ಗಿರಣಿ ಗುಡುಗಿತು. ಅಂಬಿಕಾ ಸ್ವಿಚ್ ಆರಿಸಿರಲಿಲ್ಲ. ಡಬ್ಬಿ ಹಿಡಿದವರು ಆಗಲೇ ಬಾಗಿಲಲ್ಲಿ ನಿಂತಿದ್ದರು, ಮತ್ತೊಂದು ಟೇಕಿಗೆ ದಾರಿಯಿರಲಿಲ್ಲ. ಅವಳು ಮೊಬೈಲನ್ನು ಕಿವಿಗೊತ್ತಿಕೊಂಡು ತೆಗೆದದ್ದನ್ನೇ ಕೇಳಿದಳು, ಮತ್ತೆ ಕಣ್ಣಿಗೆ ಹಿಡಿದು ನೋಡಿದಳು. ನಾನು ಕ್ಷಮೆ ಕೇಳುತ್ತಲೇ ಇದ್ದೆ, ಆ ಸದ್ದಿನಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ. ಕೊನೆಗೆ ಅವಳು ನನ್ನತ್ತ ತಿರುಗಿ, ಹಿಟ್ಟು ಮೆತ್ತಿದ ಕೈಯನ್ನು ಮೇಲೆತ್ತಿ ಮುಷ್ಟಿ ಮುಚ್ಚಿದಳು.

ಅಟ್ಟದ ದೃಶ್ಯ ಬೇಕಾಗಲೇ ಇಲ್ಲ. ಸರಣಿ ಮುಗಿಯಿತು. ರಘುನಾಥ ಎರಡು ಸಲ ನೋಡಿದನಂತೆ, ಬಾಲದ ಮಾತು ಎತ್ತಲಿಲ್ಲವಂತೆ. ಹೋದ ವಾರ ಸಂತೇಬೆನ್ನೂರಿನ ಸಂತೆಯಲ್ಲಿ ಪಾತ್ರೆ ಅಂಗಡಿಯ ಮುಂದೆ ನಿಂತಿದ್ದಾಗ, ಅಂಗಡಿಯವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ನಗುತ್ತಲೇ ಕುಕ್ಕರುಗಳನ್ನೆಲ್ಲ ಒಳಕ್ಕೆ ಸರಿಸಿಕೊಂಡಳು.