ಚಿನ್ನವಿಲ್ಲದ ಕೊಳವೆ

ಶುಭಾ, ರಘು, ಚಿನ್ನ ಕೆಂಪಗಿರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಮ್ಮೂರಲ್ಲಿ ನಕ್ಕುಬಿಡುತ್ತಿದ್ದರು. ನಿಮ್ಮಜ್ಜ ತೀರಿಕೊಂಡ ಮೇಲೆ ನಿಮ್ಮಮ್ಮನ ಕೈಹಿಡಿದು ಜಯನಗರಕ್ಕೆ ಬಂದೆನಲ್ಲ, ಆ ತಿಂಗಳಲ್ಲೇ ಅದನ್ನು ಕಣ್ಣಾರೆ ಕಂಡೆ. ಗಾಜಿನ ಕೊಳವೆಯಲ್ಲಿ ದಾಸವಾಳದ ಬಣ್ಣದ ನೀರು. "ಇದು ಚಿನ್ನ ಕಣಮ್ಮ, ಚೆಲ್ಲಬೇಡಿ" ಎಂದರು ರಾಜಣ್ಣ.

ರಾಜಣ್ಣ ಅಲ್ಲಿನ ಒಂದು ಸಂಶೋಧನಾಲಯದ ಸಹಾಯಕರು. ನಾನು ಅಲ್ಲಿ ಗಾಜು ತೊಳೆಯುವ ಕೆಲಸಕ್ಕೆ ಸೇರಿದ್ದೆ. ಊರಲ್ಲಿ ಬೂದಿ, ತೆಂಗಿನ ನಾರು, ಇಲ್ಲಿ ಆಸಿಡ್. ಊರಲ್ಲಿ ಪಾತ್ರೆ ಹೊಳೆದರೆ ಸಾಕು; ಇಲ್ಲಿ ಹೊಳೆಯುವ ಗಾಜೂ ಕೊಳಕಾಗಿರಬಹುದು ಎನ್ನುತ್ತಿದ್ದರು. ಬೆರಳ ತುದಿಯ ಚರ್ಮ ಸುಲಿಯುತ್ತಿತ್ತು.

ಮೊದಲು ಇದ್ದದ್ದು ಮೈದುನನ ಮನೆಯಲ್ಲಿ. ಸಂಶೋಧನಾಲಯದಲ್ಲಿ ಕೋಳಿಮೊಟ್ಟೆಯ ಬಿಳಿ ಬಳಸುತ್ತಾರೆಂದು ತಿಳಿದ ದಿನ ಓರಗಿತ್ತಿ ಬಾಗಿಲಲ್ಲೇ ತಡೆದಳು. "ಮೊದ್ಲು ಬಚ್ಚಲಿಗೆ ಹೋಗಿ ಅಕ್ಕ. ಒಲೆ ಹತ್ರ ಮಾತ್ರ ಬರ್ಬೇಡಿ." ಆರು ತಿಂಗಳು ನಡುಮನೆಯ ಮೂಲೆಯಲ್ಲಿ ಉಂಡೆ. ಆಮೇಲೆ ಇಟ್ಟಮಡುವಿನಲ್ಲಿ ಗೌಡರ ಮನೆಯ ಹಿಂದಿನ ಕೋಣೆ ಹಿಡಿದೆ. ಅದಿನ್ನೂ ಹಳ್ಳಿ, ಸುತ್ತ ರಾಗಿಹೊಲ. ನನ್ನ ಕೆಲಸದ ವಿಷಯ ಅಂಜುತ್ತಲೇ ಹೇಳಿದಾಗ ಗೌಡರ ಹೆಂಡತಿ ನಕ್ಕರು: "ಮೊಟ್ಟೆ ಮುಟ್ಟಿದ್ರೆ ಏನಾಯ್ತವ್ವ, ನಮ್ಮನೇಲಿ ಕೋಳಿನೇ ಅವೆ!" ನನ್ನದೇ ಒಲೆ, ನನ್ನದೇ ಚಿಲಕ. ಕೆಲಸ ಹೋದರೆ ಅದೂ ಹೋಗಿ ಮತ್ತೆ ಆ ಮೂಲೆಯೇ ಗತಿ.

ಅಲ್ಲಿ ನಡೆಯುತ್ತಿದ್ದ ಕೆಲಸ ಇಷ್ಟು. ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳು ನೀರಲ್ಲಿ ತೇಲುವಾಗ ಆ ಕೆಂಪು ಬರುತ್ತದೆ. ಉಪ್ಪು ಬಿದ್ದರೆ ನೀಲಿಯಾಗಿ ಕೆಡುತ್ತದೆ. ಮೊದಲೇ ಮೊಟ್ಟೆಯ ಬಿಳಿ ಕಣಗಳಿಗೆ ಅಂಟಿಕೊಂಡಿದ್ದರೆ ಕೆಡುವುದಿಲ್ಲ. ಎಷ್ಟು ಅಂಟಿತೆಂದು ತಿಳಿಯಲು ಕೊಳವೆಯನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸುತ್ತಿದ್ದರು. ಚಿನ್ನ ತಳಕ್ಕಿಳಿಯುತ್ತಿತ್ತು. ಮೇಲಿನ ನೀರಲ್ಲಿ ಉಳಿದ ಮೊಟ್ಟೆಯ ಅಂಶವನ್ನು ಅಳೆದು, ಕಡಿಮೆಯಾದದ್ದೆಲ್ಲ ಚಿನ್ನಕ್ಕೆ ಅಂಟಿದೆ ಎಂದು ಬರೆದುಕೊಳ್ಳುತ್ತಿದ್ದರು.

ಒಂದು ವಾರ ಚಿನ್ನ ಕಡಿಮೆ ಮಾಡುತ್ತ ಹೋದಂತೆ ಲೆಕ್ಕ ತಪ್ಪತೊಡಗಿತು. ಚಿನ್ನ ಎಷ್ಟು ಕಡಿಮೆ ಹಾಕಿದರೂ ಒಂದಿಷ್ಟು ಮೊಟ್ಟೆ ಮಾಯವಾಗುತ್ತಲೇ ಇತ್ತು. ಮುಖ್ಯಸ್ಥರಾಗಿದ್ದ ಡಾಕ್ಟರು ಎಲ್ಲರೆದುರು ನನ್ನನ್ನು ಕರೆದರು.

"ಏನಮ್ಮ, ಬೂದಿ ಹಾಕಿ ಉಜ್ಜಿದ್ಯಾ? ಇದೇನು ನಿಮ್ಮೂರ ತಪ್ಪಲೆನಾ?"

"ಇಲ್ಲ ಸಾರ್. ಆಸಿಡ್ನಲ್ಲೇ ತೊಳ್ದಿದೀನಿ."

"ಮತ್ತೆ ಮೊಟ್ಟೆ ಎಲ್ಲಿ ಹೋಯ್ತು? ನೀನೇ ತಿಂದ್ಯಾ?"

ಎಲ್ಲರೂ ನಕ್ಕರು. ಮೊಟ್ಟೆಯ ದೆಸೆಯಿಂದ ಒಲೆಯ ಬಳಿಗೂ ಹೋಗಲಾಗದೆ ಆರು ತಿಂಗಳು ಉಂಡವಳಿಗೆ ಆ ಮಾತು! "ಸೋಮವಾರದಿಂದ ಬೇರೆಯವರನ್ನ ನೋಡ್ಕೋತೀವಿ" ಎಂದೂ ಅಂದರು. ಗಂಡಸರೆದುರು ತಲೆಯೆತ್ತಿದವಳಲ್ಲ ನಾನು. ಆ ದಿನ ಎತ್ತಿದೆ.

"ಸಾರ್, ನಮ್ಮೂರಲ್ಲಿ ಹೊಸ ಗಡಿಗೆಗೆ ಹಾಲು ಹಾಕಿದ್ರೆ ಮೊದಲ್ನೇ ದಿನ ಗಡಿಗೆನೇ ಒಂದಿಷ್ಟು ಕುಡಿಯತ್ತೆ. ಗಾಜೂ ಕುಡಿಯತ್ತೇನೋ. ಚಿನ್ನ ಹಾಕ್ದೆ ಬರೀ ಮೊಟ್ಟೆ ನೀರು ಹಾಕಿ ನೋಡಿದ್ದೀರಾ?"

"ಮಣ್ಣಿನ ಗಡಿಗೆಗೂ ಗಾಜಿಗೂ ವ್ಯತ್ಯಾಸ ಗೊತ್ತಿಲ್ಲ, ನಮಗೆ ಪಾಠ ಹೇಳ್ತಾಳೆ" ಎಂದು ಅವರು ಎದ್ದು ಹೋದರು.

ರಾಜಣ್ಣ ಮಾತ್ರ ಹೋಗಲಿಲ್ಲ. "ಒಂದ್ಸಲ ನೋಡೇ ಬಿಡಾಣ ಅಮ್ಮ" ಎಂದು ನಾನು ತೊಳೆದ ಕೊಳವೆಗಳನ್ನೇ ತೆಗೆದುಕೊಂಡರು. ಹೊಸದಾಗಿ ಬಂದಿದ್ದ ಕೊಳವೆಗಳನ್ನೂ ತಾವೇ ಆಸಿಡ್ಡಿನಲ್ಲಿ ತೊಳೆದು ಪಕ್ಕದಲ್ಲಿಟ್ಟರು. ಯಾವುದಕ್ಕೂ ಚಿನ್ನ ಹಾಕಲಿಲ್ಲ. ಉಳಿದದ್ದೆಲ್ಲ ಎಂದಿನಂತೆ ಮಾಡಿದರು. ಮೊಟ್ಟೆ ಎರಡರಲ್ಲೂ ಒಂದೇ ಸಮ ಕಡಿಮೆಯಾಗಿತ್ತು. ಗಾಜಿನ ಆ ನುಣುಪಿಗೂ ಅಂಟುವ ಗುಣವಿತ್ತು, ನನ್ನ ಕೈಯಲ್ಲಿ ಕೊಳಕಿರಲಿಲ್ಲ.

ಲೆಕ್ಕ ನೋಡಿದ ಡಾಕ್ಟರು ಸೋಮವಾರ ಕೆಲಸಕ್ಕೆ ಬಾ ಎಂದರು. ತಪ್ಪಾಯಿತು ಎನ್ನಲಿಲ್ಲ. ಅಂದಿನಿಂದ ಪ್ರತಿ ಸಲವೂ ಚಿನ್ನವಿಲ್ಲದ ಕೊಳವೆಯೊಂದನ್ನು ಇಡುವುದು, ಅದರಲ್ಲಿ ಕಳೆದುಹೋದಷ್ಟನ್ನು ಲೆಕ್ಕದಿಂದ ತೆಗೆಯುವುದು ನಿಯಮವಾಯಿತು. ಅದಕ್ಕೆ 'ಬ್ಲ್ಯಾಂಕ್' ಎಂದು ಹೆಸರು. ಬೇರೆ ಕೆಲಸಗಳಲ್ಲಿ ಅದನ್ನು ತಾವೇ ಇಡುತ್ತಿದ್ದರಂತೆ, ಇದರಲ್ಲಿ ಮರೆತಿದ್ದರಂತೆ. ಮರೆತವರು ಅವರು, ಬೈಸಿಕೊಂಡವಳು ನಾನು! ವರದಿ ಅಚ್ಚಾಗಿ ಬಂದಾಗ ಅದರಲ್ಲಿ ಡಾಕ್ಟರ ಹೆಸರಿತ್ತು, ಕೆಳಗೆ ಇನ್ನಿಬ್ಬರದಿತ್ತು.

"ತೊಳೆಯೋರ ಹೆಸ್ರು ಹಾಕಲ್ಲ ಅಮ್ಮ" ಎಂದರು ರಾಜಣ್ಣ, ನೆಲ ನೋಡುತ್ತ. ಅವರದೂ ಇರಲಿಲ್ಲ.

"ತೊಳೆದದ್ದಕ್ಕೆ ಬೇಡ ರಾಜಣ್ಣ. ಕೇಳಿದ್ದಕ್ಕೆ?"



ಆ ವರ್ಷ ತವರಿಗೆ ಹೋಗಿದ್ದೆ. "ಬೆಂಗಳೂರಿನವಳು ಬಂದಳು" ಎಂದು ಮಣೆ ಹಾಕಿದರು. ಬೆಂಗಳೂರಲ್ಲಿ ನಾನು ಹಳ್ಳಿಯವಳು. ಅತ್ತಿಗೆ ಹೊಸ ಗಡಿಗೆಗೆ ಹಾಲು ಸುರಿಯುತ್ತಿದ್ದಳು. ಪಕ್ಕದಲ್ಲಿ ನಿಂತು ನನಗೆ ನೆನಪಾದದ್ದು ಗಾಜಿನ ಕೊಳವೆ. ಮರಳಿ ಬಂದು ಕೊಳವೆ ಹಿಡಿದರೆ ನೆನಪಾದದ್ದು ಆ ಗಡಿಗೆ. ಇಂದಿಗೂ ಹಾಗೆಯೇ.

ಮಕ್ಕಳೇ, ಅಚ್ಚಾದ ಆ ವರದಿ ಎಲ್ಲೋ ಕಪಾಟಿನಲ್ಲಿ ಭದ್ರವಾಗಿರುತ್ತದೆ, ಅದಕ್ಕೆ ಕಾವಲಿದೆ. ಆ ಪ್ರಶ್ನೆ ಯಾರದೆಂದು ಹೇಳುವುದು ಈ ಹಾಳೆಗಳು ಮಾತ್ರ. ನೀರು ತಾಗದ ಕಡೆ ಇಡಿ.