ಹೆಲ್ಪ್ ಪದಕ್ಕೆ ಹತ್ತು ವಾಕ್ಯ

ಓದಿದ್ದೆ, ಸವಿತಾ. ನೀನು ಬರೆದದ್ದು ಓದಿದ ಕ್ಷಣವೇ ಅರ್ಥವಾಗಿತ್ತು. ಗೊತ್ತಾಗಲಿಲ್ಲ ಎಂದು ನಾಲ್ಕು ವರ್ಷ ನನಗೆ ನಾನೇ ಹೇಳಿಕೊಂಡದ್ದು ಶುದ್ಧ ಸುಳ್ಳು.

ತಿಲಕ್ ನಗರದಲ್ಲಿ, ನಿಮ್ಮದೇ ಕಟ್ಟಡದ ಮಹಡಿಯಲ್ಲಿ, ಹೆಂಗಸರಿಗೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ದಿನಕ್ಕೊಂದು ಕ್ರಿಯಾಪದ, ಮನೆಯಲ್ಲಿ ಹತ್ತು ವಾಕ್ಯ — ಅದು ನನ್ನ ಪದ್ಧತಿ. ಅವತ್ತು 'ಹೆಲ್ಪ್'. "ಸಹಾಯ ಮಾಡು ಅಂತ ಅರ್ಥ. ಯಾರು, ಯಾರಿಗೆ — ಅಷ್ಟು ಹೇಳಿದ್ರೆ ವಾಕ್ಯ ಆಯ್ತು," ಎಂದಿದ್ದೆ. ಉಳಿದವರೆಲ್ಲ ಅಡುಗೆಮನೆಯಲ್ಲಿ ಅಮ್ಮನಿಗೆ, ರಸ್ತೆ ದಾಟುವ ಅಜ್ಜನಿಗೆ ಸಹಾಯ ಮಾಡಿ ಮುಗಿಸಿದ್ದರು.

ನೀನು ಗಂಡ ಸತ್ತು ವರ್ಷ ತುಂಬದವಳು. ಅತ್ತಿಗೆಯನ್ನು ಓದಿಸುತ್ತಾನೆ, ಪುಣ್ಯಾತ್ಮ ಎಂದು ಜನ ಹೊಗಳಲೆಂದೇ ಮೈದುನ ನಿನ್ನನ್ನು ಕರೆತಂದು, ಕ್ಲಾಸ್ ಮುಗಿಯುವವರೆಗೂ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಅವನಿಗೆ ಇಂಗ್ಲಿಷ್ ಬಾರದು. ಅದಕ್ಕೇ ನೀನು ಬರೆದೆ — ಏಳನೆಯದು, 'ಮೈ ಬ್ರದರ್-ಇನ್-ಲಾ ಲಾಕ್ಸ್ ಮಿ ಇನ್ ರೂಮ್.' ಎಂಟನೆಯದು, 'ಮಿಸ್, ಪ್ಲೀಸ್ ಹೆಲ್ಪ್ ಮಿ.'

ಓದಿ ತಲೆಯೆತ್ತಿದೆ. ನೀನು ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದೆ. ಕಟ್ಟಡ ಅವನದು, ಜಾಗ ಬಿಡಿಸಿಬಿಟ್ಟರೆ — ನನಗ್ಯಾಕೆ ಊರ ಉಸಾಬರಿ ಎಂದುಕೊಂಡೆ. 'ರೂಮ್' ಮುಂದೆ ಒಂದು 'ದಿ' ಸೇರಿಸಿ, ಹತ್ತಕ್ಕೆ ಒಂಬತ್ತು ಹಾಕಿ, ಪುಸ್ತಕ ವಾಪಸು ಕೊಟ್ಟೆ. ಥೂ, ನನ್ನ ಜನ್ಮಕ್ಕೆ!

ಮುಂದಿನ ವಾರ ನೀನು ಬರಲಿಲ್ಲ. ನಿನ್ನ ಪುಸ್ತಕ ಬಂತು.

"ಅತ್ತಿಗೆ ಊರಿಗೆ ಹೋದ್ರು ಮೇಡಂ. ಹೋಂವರ್ಕ್ ಮಾತ್ರ ಮಾಡಿಟ್ಟಿದ್ರು, ನೋಡ್ಬಿಡಿ," ಎಂದ ಮೈದುನ. ಹಳೆಯ ಹಾಳೆ ಹರಿದಿತ್ತು. ಹೊಸ ಹಾಳೆಯಲ್ಲಿ ಒಂದೇ ವಾಕ್ಯ, ಹತ್ತು ಸಲ — 'ಮೈ ಬ್ರದರ್-ಇನ್-ಲಾ ಹೆಲ್ಪ್ಸ್ ಮಿ.' ಒಂದೂ ತಪ್ಪಿಲ್ಲ. ಅಕ್ಷರ ನಿನ್ನದಲ್ಲ; ಹಳೆಯದನ್ನು ಯಾರಿಂದಲೋ ಓದಿಸಿ, ಇದನ್ನು ಬರೆಸಿಕೊಂಡು ಬಂದಿದ್ದ. ಅವನು ಮೇಜಿಗೆ ಕೈಯೂರಿ ಕಾಯುತ್ತ ನಿಂತಿದ್ದ, ಮತ್ತೆ ನಾನು —

ಹತ್ತಕ್ಕೆ ಹತ್ತು ಕೊಟ್ಟೆ.

"ನಿಮ್ಮಿಂದ ತುಂಬಾ ಹೆಲ್ಪ್ ಆಯ್ತು ಮೇಡಂ," ಎಂದು ನಕ್ಕ.

ಯಾವ ಊರು ಎಂದು ನಾನು ಕೇಳಲಿಲ್ಲ. ಆಮೇಲೆ ನಿನ್ನನ್ನು ಕಂಡವರು ಯಾರೂ ನನಗೆ ಸಿಗಲಿಲ್ಲ. ಇವತ್ತು ಬೆಳಿಗ್ಗೆ ಪೊಲೀಸ್ ಠಾಣೆಗೆ ಹೋದೆ, ನಾನು ಮಾಡಿದ್ದನ್ನೂ ಸೇರಿಸಿ ಎಲ್ಲ ಹೇಳಿದೆ. ಬರೆದುಕೊಳ್ಳುತ್ತಿದ್ದ ಹೆಣ್ಣುಮಗಳು ತಲೆಯೆತ್ತದೆ ಕೇಳಿದಳು, "ಕಾಣೆಯಾದವರ ವಯಸ್ಸು ಎಷ್ಟು ಮೇಡಂ?"

"ಆಗಿಂದು ಹೇಳ್ಲಾ, ಈಗಿಂದು ಹೇಳ್ಲಾ?" ಎಂದೆ.

ಅವಳು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.