ಐರಿಸ್ ಪಾತಿಯ ಔಷಧಿ, ತುಳಸಿಕಟ್ಟೆಯ ಗಿಡ

ನಮ್ಮ ಮಾವನವರು ಕೆಲಸದಿಂದ ನಿವೃತ್ತರಾದ ಮೇಲೆ ಊಟಿಯಿಂದ ಗೋಣಿತಾಟಿನಲ್ಲಿ ಸುತ್ತಿ ಐರಿಸ್ ಹೂವಿನ ಗೆಡ್ಡೆಗಳನ್ನು ತಂದರು. ನೋಡಲು ಹಸಿಶುಂಠಿಯ ಹಾಗೇ ಇದ್ದವು. "ಅಡುಗೆಮನೇಲಿ ಇಡ್ಬೇಡಿ, ಇವಳು ಚಟ್ನಿ ರುಬ್ಬಿಬುಟ್ಟಾಳು" ಅಂತ ಅತ್ತೆ ನನ್ನ ಕಡೆ ನೋಡಿ ನಕ್ಕರು. ಇಸವಿ ಅರವತ್ತರ ಆಸುಪಾಸಿನ ಮಾತು. ಒಂಟಿಕೊಪ್ಪಲಿನಲ್ಲಿ ನಮ್ಮದು ಹೆಂಚಿನ ಮನೆ. ಮುಂದೆ ಅಂಗಳ, ಅಂಗಳದ ಎಡಕ್ಕೆ ತುಳಸಿಕಟ್ಟೆ, ಬಲಕ್ಕೆ ಮಾವನ ಪಾತಿ. ನಾನು ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

ಗೆಡ್ಡೆ ಚಿಗುರಿ ಕತ್ತಿಯಂಥ ಎಲೆ ಬಂತು, ಹೂ ಬರಲಿಲ್ಲ. ದಸರಾ ಹೂವಿನ ಪ್ರದರ್ಶನಕ್ಕೆ ಒಂದು ಕುಂಡವಾದರೂ ಕಳಿಸಬೇಕು ಅನ್ನುವ ಆಸೆ ಮಾವನಿಗೆ. ಅದಕ್ಕೆ ಅಡ್ಡ ಬಂದದ್ದು ಕಳೆ. ಮಳೆ ಬಿದ್ದ ಮೇಲೆ ಮೂರೆಲೆಯ ಹುಳಿಸೊಪ್ಪು, ಗೋಣಿಸೊಪ್ಪು ಎರಡೂ ಐರಿಸ್ ಬುಡದಲ್ಲಿ ಹಾಸಿಕೊಂಡವು. ನಾನು ಕೂತು ಕೈಯಲ್ಲೇ ಕೀಳುತ್ತಿದ್ದೆ. ಗೋಣಿಸೊಪ್ಪು ಸಾರಿಗಾಗುತ್ತಿತ್ತು. ಹುಳಿಸೊಪ್ಪು ಮಾತ್ರ ಕಿತ್ತಷ್ಟೂ ಬರೋದು. ಕುರ್ಪಿ ಹಾಕಿದರೆ ಗೆಡ್ಡೆಗೆ ತಾಗುತ್ತದೆ ಅಂತ ಮಾವ ಹಾಕಲು ಬಿಡುತ್ತಿರಲಿಲ್ಲ.

ಒಂದು ದಿನ ಪರಿಚಯದವರೊಬ್ಬರ ಹತ್ತಿರದಿಂದ ಮಾವ ಒಂದು ಬಾಟಲಿ ತಂದರು. ಹಳೇ ಟಾನಿಕ್ಕಿನ ಬಾಟಲಿ, ಮೇಲಿನ ಚೀಟಿ ಕಿತ್ತುಹಾಕಿತ್ತು. ಬಿರಡೆ ತೆಗೆದರೆ ಆಸ್ಪತ್ರೆಯ ವಾಸನೆ. "ಕಳೆಗೆ ಔಷಧಿ. ಅಗಲ ಎಲೆಯ ಗಿಡಕ್ಕೆ ಮಾತ್ರ ತಾಗುತ್ತೆ, ಐರಿಸ್‌ಗೆ ಏನೂ ಆಗೋಲ್ಲ" ಅಂದರು.

"ಅದಕ್ಕೆಂಗೆ ಗೊತ್ತಾಯ್ತದೆ, ಯಾವುದು ಕಳೆ ಯಾವುದು ಗಿಡ ಅಂತ? ಕಣ್ಣೈತಾ ಅದಕ್ಕೆ?" ಅಂತ ಅತ್ತೆ ಕೇಳಿದರು.

"ಎಲೆ ನೋಡ್ಕೊಂಡು ಕೆಲಸ ಮಾಡುತ್ತೆ ಕಣೇ. ವಿಜ್ಞಾನ."

ಅತ್ತೆಗೂ ನನಗೂ ಆ ಬಾಟಲಿಯ ಮೇಲೆ ನಂಬಿಕೆ ಹುಟ್ಟಲಿಲ್ಲ. ಸೀಗೆಪುಡಿ ಡಬ್ಬದ ಪಕ್ಕ ಮಾವ ಇಟ್ಟಿದ್ದನ್ನು ನಾನೇ ತೆಗೆದು ಬಚ್ಚಲಮನೆಯ ಅಟ್ಟದ ಮೂಲೆಗೆ ತಳ್ಳಿದೆ. ಪಾತಿಯ ಸೊಪ್ಪಿಗೆ ಹೆದರಿ, ಆ ವಾರವೆಲ್ಲ ಸಾರಿಗೆ ಸೊಪ್ಪನ್ನು ಮಾರ್ಕೆಟ್ಟಿನಿಂದಲೇ ತಂದದ್ದು.

ಗಿಡಕ್ಕೆ ನೀರು ಹಾಕಲು ನಮ್ಮಲ್ಲಿ ಒಂದು ತಗಡಿನ ಡಬ್ಬವಿತ್ತು, ಉದ್ದ ಮೂತಿಯದು, ಮೂತಿಯ ಮೇಲೆ ತೂತು ತೂತಿನ ಬಿಲ್ಲೆ. ಮಾವ ಅಟ್ಟದಿಂದ ಬಾಟಲಿ ಇಳಿಸಿ, ಔಷಧಿಯನ್ನು ಅದರಲ್ಲೇ ನೀರಿಗೆ ಬೆರೆಸಿ ಪಾತಿಗೆ ಹುಯ್ದರು. ಆಮೇಲೆ ಡಬ್ಬವನ್ನು ಒಂದು ಸಲ ಜಾಲಿಸಿ ಹಿತ್ತಲ ನಲ್ಲಿಯ ಹತ್ತಿರ ಬೋರಲು ಹಾಕಿದರು.

ಮಾರನೆಯ ದಿನ ನಾನು ಹೊರಗಾದೆ. ಮೂರು ದಿನ ಹಿತ್ತಲ ಕಡೆಯ ಚಿಕ್ಕ ಕೋಣೆ. ಚಾಪೆ, ತಟ್ಟೆ, ಲೋಟ ಎಲ್ಲ ಬೇರೆ. ಹೊರಗಾದವಳು ಮುಟ್ಟಿದರೆ ತುಳಸಿ ಬಾಡುತ್ತದೆ ಅನ್ನುವುದು ನಮ್ಮ ಮನೆಯಲ್ಲಿ ಯಾರೂ ವಾದ ಮಾಡದ ಮಾತು. ನಾನೂ ಮಾಡಿದವಳಲ್ಲ. ಬೇರೆ ದಿನ ಸಂಜೆ ದೇವರ ದೀಪ ಹಚ್ಚುವುದು, ತುಳಸಿಗೆ ತಾಮ್ರದ ಚೊಂಬಿನಲ್ಲಿ ನೀರು ಹಾಕುವುದು ನನ್ನ ಕೆಲಸ. ಆ ಮೂರು ದಿನ ಅತ್ತೆ ಹಾಕಿದರು. ಅವರಿಗೆ ಮಂಡಿನೋವು. ಚೊಂಬು ಹಿಡಿದು ಹಿಂದಕ್ಕೂ ಮುಂದಕ್ಕೂ ತಿರುಗಲಾರದೆ, ನಲ್ಲಿಯಲ್ಲಿ ಆ ಡಬ್ಬವನ್ನೇ ತುಂಬಿಸಿಕೊಂಡು ಅಂಗಳಕ್ಕೆ ಹೋಗುತ್ತಿದ್ದದ್ದನ್ನು ನಾನು ಕೋಣೆಯ ಬಾಗಿಲಲ್ಲಿ ಕೂತು ನೋಡಿದ್ದೆ. ಆಗ ನನಗೆ ಏನೂ ಅನ್ನಿಸಲಿಲ್ಲ.

ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಬಂದು ನೋಡಿದರೆ ತುಳಸಿ ಕತ್ತು ಬಗ್ಗಿಸಿತ್ತು. ಎಲೆಗಳು ಕಾದ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಮುರುಟಿಕೊಂಡಿದ್ದವು. ಅತ್ತೆ ಕಟ್ಟೆಯ ಪಕ್ಕ ನಿಂತಿದ್ದರು.

"ನಿಜ ಹೇಳ್ಬುಡು ಕಣಮ್ಮ. ನೀನೇನಾರ ಈ ಕಡೆ ಬಂದಿದ್ಯಾ?"

"ಇಲ್ಲ ಅತ್ತೆ."

"ಮರೆತು? ಸೆರಗಾದ್ರೂ ಸೋಕ್ತಾ?"

"ಇಲ್ಲ ಅತ್ತೆ, ಹಿತ್ತಲು ಬಿಟ್ಟು ಬರಲೇ ಇಲ್ಲ."

ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅದೇ ಹೊತ್ತಿಗೆ ನಮ್ಮೆಜಮಾನರಿಗೆ ಜ್ವರ ಬಂತು. ತುಳಸಿ ಬಾಡೋದಕ್ಕೂ ಮಗ ಮಲಗೋದಕ್ಕೂ ಅತ್ತೆಯ ಮನಸ್ಸಿನಲ್ಲಿ ಗಂಟು ಬಿತ್ತು. "ದೀಪ ನಾನೇ ಹಚ್ತೀನಿ, ಇರ್ಲಿ ಬುಡು" ಅಂದರು. ಬೆಂಕಿಪೊಟ್ಟಣ ಅವರ ಸೆರಗಿನ ಗಂಟಿಗೆ ಹೋಯಿತು. ಜ್ವರ ಇಳಿದ ಮೇಲೂ ಅದು ನನ್ನ ಕೈಗೆ ಬರಲಿಲ್ಲ. ನಾನು ಒಳಗೆ ಕಾಲಿಟ್ಟರೆ ಅವರ ಕಣ್ಣು ನನ್ನ ಪಾದದಿಂದ ಮೇಲಕ್ಕೆ ಬರುತ್ತಿತ್ತು. ಈ ಮನೆಯಲ್ಲಿ ನನ್ನ ಮಾತಿಗೆ ಇನ್ನು ಬೆಲೆಯಿಲ್ಲವೇನೋ ಅನ್ನಿಸಿತು. ನನಗೂ ಅನುಮಾನ ಹತ್ತಿತು: ನಿದ್ದೆಗಣ್ಣಿನಲ್ಲಿ ಬಂದಿದ್ದೆನೇ? ನನ್ನ ನೆರಳು ಬಿತ್ತೇ? ಹಿತ್ತಲಲ್ಲಿದ್ದವಳ ನೆರಳು ಅಂಗಳಕ್ಕೆ ಹೇಗೆ ಬಿದ್ದೀತು ಅಂತ ನಾನೇ ಉತ್ತರ ಹೇಳಿಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ರಂಗೋಲಿ ಹಾಕಿ ಎದ್ದವಳು ಐರಿಸ್ ಪಾತಿಯ ಕಡೆ ನೋಡಿದೆ. ಗೋಣಿಸೊಪ್ಪು ಇನ್ನೂ ಪೂರ್ತಿ ಸತ್ತಿರಲಿಲ್ಲ. ದಂಟು ತಿರುಚಿಕೊಂಡು, ಎಲೆ ಮುರುಟಿ, ಕತ್ತು ಬಗ್ಗಿಸಿ ಮಲಗಿತ್ತು. ಅಲ್ಲಿಂದ ಕಟ್ಟೆಗೆ ಹೋಗಿ ತುಳಸಿ ನೋಡಿದೆ. ಅದೇ ತಿರುಚು. ನೀರಿಲ್ಲದೆ ಬಾಡಿದ ಗಿಡ ಹಾಗೆ ತಿರುಚಿಕೊಳ್ಳುವುದಿಲ್ಲ. ಅಗಲ ಎಲೆಯ ಗಿಡಕ್ಕೆ ಮಾತ್ರ ತಾಗುತ್ತೆ ಅಂತ ಮಾವ ಅಂದದ್ದು ನೆನಪಾಯಿತು. ತುಳಸಿಯದೂ ಅಗಲ ಎಲೆಯೇ. ಹಿತ್ತಲಿಗೆ ಹೋಗಿ ಡಬ್ಬದ ಒಳಗೆ ಮೂಗಿಟ್ಟೆ. ಆಸ್ಪತ್ರೆ ವಾಸನೆ, ಸಣ್ಣಗೆ.

ಬಾಯಿಬಿಟ್ಟು ಹೇಳಿದರೆ ತಪ್ಪು ಮುಚ್ಚಿಕೊಳ್ಳಲು ಕಟ್ಟಿದ ಕತೆ ಅನ್ನುತ್ತಾರೆ. ಅದಕ್ಕೇ ಹೇಳಲಿಲ್ಲ. ಬಚ್ಚಲ ನೀರು ಹರಿಯುವ ಕಡೆ ತಾನಾಗಿ ಹುಟ್ಟಿದ ಟೊಮೇಟೊ ಸಸಿಗಳಿದ್ದವು. ಅವುಗಳಲ್ಲಿ ಎರಡನ್ನು ಒಡೆದ ಮಡಕೆಗಳಲ್ಲಿ ನೆಟ್ಟೆ. ಒಂದಕ್ಕೆ ಚೊಂಬಿನ ನೀರು, ಇನ್ನೊಂದಕ್ಕೆ ಡಬ್ಬದ ನೀರು. ನಲ್ಲಿ ಒಂದೇ, ನೀರು ಒಂದೇ. ಚೊಂಬಿನ ನೀರಿನ ಸಸಿ ನೆಟ್ಟಗೆ ನಿಂತಿತು. ಡಬ್ಬದ ನೀರಿನದು ಕೆಲವು ದಿನಕ್ಕೇ ಕತ್ತು ಬಗ್ಗಿಸಿ ಎಲೆ ಮುರುಟಿಸಿತು.

ಸಂಜೆ ಎರಡು ಮಡಕೆಯನ್ನೂ ಅತ್ತೆಯ ಮುಂದಿಟ್ಟೆ. ಮಾವ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು.

"ಇದೇನ್ ಟೊಮೇಟೊ ತೋರಿಸ್ತೀಯಾ?" ಅಂದರು ಅತ್ತೆ.

"ಇದಕ್ಕೆ ಚೊಂಬು, ಇದಕ್ಕೆ ಮಾವ ಔಷಧಿ ಕಲಸಿದ ಡಬ್ಬ. ವಾಸನೆ ನೋಡಿ ಅತ್ತೆ."

ಅತ್ತೆ ಡಬ್ಬದ ಮೂತಿ ಮೂಸಿದರು. ಟೊಮೇಟೊ ಎಲೆ ತಿರುವಿದರು. ಎದ್ದು ಮಂಡಿ ಹಿಡಿದುಕೊಂಡು ಕಟ್ಟೆಗೆ ಹೋಗಿ ತುಳಸಿಯ ಒಣಗಿದ ಎಲೆ ತಿರುವಿದರು.

"ಅಂಗಾರೆ ನೀರು ಹುಯ್ದೋಳು ನಾನೇ ಅಲ್ವಾ?"

"ತಪ್ಪು ಡಬ್ಬದ್ದು ಅತ್ತೆ. ನಿಮ್ಮದಲ್ಲ."

"ತೊಳೆದಿದ್ದೆ ಕಣೇ ನಾನು, ಜಾಲಿಸಿ ಇಟ್ಟಿದ್ದೆ" ಅಂತ ಮಾವ ಜಗಲಿಯಿಂದಲೇ ಅಂದರು.

"ಜಾಲಿಸಿದ್ರಂತೆ! ನಾಳೆ ಆ ಲೋಟದಲ್ಲೇ ಕಲಸ್ಕೊಳ್ಳಿ, ಜಾಲಿಸ್ಬುಟ್ಟು ಕಾಫಿ ಕೊಡ್ತೀನಿ. ಕುಡೀತೀರಾ?"

ಮಾವ ಲೋಟವನ್ನು ಕೆಳಗಿಟ್ಟರು. ಅವರ ಐರಿಸ್ ಎಲೆಯ ತುದಿಗಳೂ ಅಷ್ಟು ಹೊತ್ತಿಗೆ ಹಳದಿಯಾಗಿದ್ದವು. ಪ್ರದರ್ಶನದ ಮಾತನ್ನು ಅವರು ಆಮೇಲೆ ಎತ್ತಲಿಲ್ಲ.

ಅತ್ತೆ ನನ್ನ ಹತ್ತಿರ ಬಂದರು. ತಪ್ಪಾಯ್ತು ಅನ್ನುವ ಜಾಯಮಾನ ಅವರದಲ್ಲ, ನಾನೂ ಕಾಯಲಿಲ್ಲ. ಸೆರಗಿನ ಗಂಟು ಬಿಚ್ಚಿ ಬೆಂಕಿಪೊಟ್ಟಣ ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಹೊತ್ತಾಯ್ತು, ದೀಪ ಹಚ್ಚೋಗು. ನಾಳೆ ಬೇರೆ ತುಳಸಿ ಸಸಿ ತಂದು ನೀನೇ ನೆಡು, ಬೇರೆ ಮಣ್ಣು ಹಾಕಿ."

ಒಳಗೆ ಹೋದೆ. ಹಿಂದೆಯೇ ಬಂದ ಅತ್ತೆ ಗೂಡಿನಿಂದ ಎಣ್ಣೆಗಿಂಡಿ ತೆಗೆದರು. ನನ್ನ ಕೈಗೆ ಕೊಡುವ ಮೊದಲು, ಜಗಲಿಯ ಕಡೆ ಒಂದು ಸಲ ನೋಡಿ, ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು.